ಹಗ್ಗ ಅಂತ ಗೊತ್ತಾದ ಮೇಲೂ ಎದೆ ಡವಡವ ಯಾಕೆ?
ಕತ್ತಲಲ್ಲಿ ಹಗ್ಗವನ್ನು ಹಾವು ಅಂದುಕೊಂಡು ಹಾರಿದಿರಿ, ಹಗ್ಗ ಅಂತ ಗೊತ್ತಾದ ಮೇಲೂ ಐದು ನಿಮಿಷ ಎದೆ ಡವಡವ ಅನ್ನುತ್ತಿತ್ತು, ಯಾಕೆ ಅಂತ ಕೇಳಿದ್ದೀರಿ.

ನಿಮ್ಮನ್ನು ಹಾರಿಸಿದ್ದು ನರ. ದಪ್ಪ ನರತಂತುಗಳಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 100 ಮೀಟರ್ ಓಡುತ್ತದೆ, ಕೆಲಸ ಮುಗಿದ ಕೂಡಲೇ ನಿಂತೂ ಹೋಗುತ್ತದೆ. ಎದೆಬಡಿತ ಮೊದಲು ಏರಿಸಿದ್ದೂ ನರವೇ. ಆದರೆ ಅದೇ ಹೊತ್ತಿಗೆ ಬೇರೆ ನರಗಳು ಕಿಡ್ನಿಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯನ್ನೂ ಎಬ್ಬಿಸಿರುತ್ತವೆ. ಅದು ಅಡ್ರಿನಲಿನ್ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಬಿಟ್ಟದ್ದನ್ನು ವಾಪಸ್ ಕರೆಯೋಕಾಗಲ್ಲ, ಅಲ್ವಾ? ಹಗ್ಗ ಅಂತ ಮಿದುಳಿಗೆ ಗೊತ್ತಾಯಿತು, ರಕ್ತಕ್ಕೆ ಎಲ್ಲಿ ಗೊತ್ತಾಗಬೇಕು! ಸುಮಾರು ಎರಡು ಮೂರು ನಿಮಿಷಕ್ಕೆ ಅದರಲ್ಲಿ ಅರ್ಧ ಕರಗುತ್ತದೆ, ಮತ್ತೆ ಅಷ್ಟೇ ಹೊತ್ತಿಗೆ ಉಳಿದದ್ದರಲ್ಲಿ ಅರ್ಧ. ಅಲ್ಲಿಯವರೆಗೆ ಹೃದಯ ಜೋರಾಗಿ ಬಡಿಯುತ್ತದೆ, ಕೈ ನಡುಗುತ್ತದೆ, ಲಿವರ್ ರಕ್ತಕ್ಕೆ ಜಾಸ್ತಿ ಸಕ್ಕರೆ ಬಿಡುತ್ತದೆ.

ನರ ಬೇರೆ, ಹಾರ್ಮೋನ್ ಬೇರೆ ಅಂತ ನಮಗೆ ಶಾಲೆಯಲ್ಲಿ ಎರಡು ಪಾಠ ಮಾಡಿದ್ದರು. ನನಗೆ ಆ ಗೋಡೆ ಸುಮ್ನೆ ಕಟ್ಟಿದ್ದು ಅನ್ನಿಸುತ್ತದೆ. ಅಡ್ರಿನಲ್ ಗ್ರಂಥಿಯಲ್ಲಿ ಅಡ್ರಿನಲಿನ್ ಮಾಡುವ ಒಳಗಿನ ಭಾಗ ಇದೆಯಲ್ಲ, ಅದು ಮತ್ತು ಹೃದಯಕ್ಕೆ ಜೋರಾಗಿ ಬಡಿ ಅಂತ ಸುದ್ದಿ ಮುಟ್ಟಿಸುವ ನರಗಳು, ಎರಡೂ ಭ್ರೂಣದಲ್ಲಿ ಒಂದೇ ಮೂಲದ ಕೋಶಗಳಿಂದ ಹುಟ್ಟುತ್ತವೆ. ದಾಯಾದಿಗಳು!