ಬ್ಯಾಗಿಗೆ ಬೆಕ್ಕು ಉಚ್ಚೆ ಹೊಯ್ದಿದೆ, ಮಳೆ ಬಂದ್ರೆ ನಾತ

ಪ್ರಶ್ನೆ: ಅಕ್ಕಾ ನಮಸ್ತೆ. ನಮ್ದು ತೀರ್ಥಹಳ್ಳಿ ಹತ್ರ ಹಳ್ಳಿ. ನನ್ನ 55 ಲೀಟರಿನ ಟ್ರೆಕ್ಕಿಂಗ್ ಬ್ಯಾಗು ಅಟ್ಟದ ಮೇಲಿಟ್ಟಿದ್ದೆ, ಮಾರ್ಚಲ್ಲಿ ನಮ್ಮನೆ ಗಂಡು ಬೆಕ್ಕು ಅದ್ರ ಮೇಲೆ ಉಚ್ಚೆ ಹೊಯ್ದುಬಿಟ್ಟಿದೆ. ಸೋಪಿನ ಪುಡಿ ಹಾಕಿ ತೊಳ್ದೆ, ಡೆಟಾಲ್ ಹಾಕ್ದೆ, ಎರಡು ದಿನ ಬಿಸಿಲಿಗಿಟ್ಟೆ, ವಾಸ್ನೆ ಹೋಯ್ತು ಅನ್ಕೊಂಡಿದ್ದೆ. ಈಗ ಮಳೆ ಹಿಡ್ಕೊಂಡ ಮೇಲೆ ತೆಗೆದು ನೋಡಿದ್ರೆ ಮೊದ್ಲಿಗಿಂತ ಜೋರು ನಾತ. ಮಳೆ ಮುಗಿದ್ಮೇಲೆ ಕುಮಾರ ಪರ್ವತಕ್ಕೆ ಹೋಗೋದಿದೆ, ಹೊಸ ಬ್ಯಾಗಿಗೆ ದುಡ್ಡಿಲ್ಲ. ಅಮ್ಮ ಆ ಬೆಕ್ಕನ್ನೇ ಎಲ್ಲಾದ್ರೂ ಬಿಟ್ಟು ಬಾ ಅಂತಿದಾರೆ. ಏನ್ಮಾಡ್ಲಿ?

ಉತ್ತರ: ಬೆಕ್ಕನ್ನ ಎಲ್ಲೂ ಬಿಡ್ಬೇಡ ತಮ್ಮಾ, ಬ್ಯಾಗನ್ನೂ ಬಿಸಾಕ್ಬೇಡ. ಎರಡಕ್ಕೂ ದಾರಿ ಇದೆ, ಸ್ವಲ್ಪ ತಾಳ್ಮೆ ಬೇಕು ಅಷ್ಟೆ.

ಬೇಸಿಗೇಲಿ ಇಲ್ಲದ ವಾಸ್ನೆ ಮಳೇಲಿ ಯಾಕೆ ಬಂತು ಅನ್ನೋದು ಮೊದ್ಲು ಗೊತ್ತಾಗ್ಬೇಕು. ಬೆಕ್ಕಿನ ಮೂತ್ರದಲ್ಲಿ ಫೆಲಿನಿನ್ ಅಂತ ಒಂದು ಗಂಧಕ ಇರೋ ವಸ್ತು ಇರತ್ತೆ, ಹಸಿ ಇದ್ದಾಗ ಅದಕ್ಕೆ ಅಷ್ಟೇನೂ ವಾಸ್ನೆ ಇಲ್ಲ, ಆದ್ರೆ ದಿನ ಕಳೆದ ಹಾಗೆ ಅದು ಒಡೆದು ಆ ಘಾಟು ಹೊರಗೆ ಬರತ್ತೆ. ಬೀಜ ತೆಗೆಸದ ಗಂಡು ಬೆಕ್ಕಲ್ಲಿ ಇದು ಜಾಸ್ತಿ. ಬೆಕ್ಕಿನ ಕಿಡ್ನಿಯ ಒಂದು ಪ್ರೋಟೀನಿಂದಾನೇ ಇದು ತಯಾರಾಗೋದು ಅಂತ ಜಪಾನಿನ ಸಂಶೋಧಕರು 2006ರಲ್ಲಿ ತೋರಿಸಿದ್ರು. ಇದರ ಜೊತೆಗೆ ಯೂರಿಯಾ ಬೇರೆ, ಅದನ್ನ ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡತ್ತೆ. ಬಿಸಿಲಿಗೆ ಒಣಗಿದಾಗ ಇದೆಲ್ಲ ಉಪ್ಪಿನ ಥರ ಎಳೆ ಎಳೆಯಲ್ಲಿ ಕೂತ್ಕೊಂಡಿರತ್ತೆ, ಹೋಗಿರಲ್ಲ. ಮಲೆನಾಡಿನ ಜೂನ್ ತಿಂಗಳ ಥಂಡಿ ತಾಗಿದ ಕೂಡ್ಲೆ ನೀರೆಳ್ಕೊಂಡು ಮತ್ತೆ ಶುರು. ಬೆಟ್ಟ ಹತ್ತೋವಾಗ ಬೆನ್ನಿನ ಬೆವರು ತಾಗಿದ್ರೂ ಇದೇ ಕತೆ, ಅದಕ್ಕೇ ಪೂರ್ತಿ ತೆಗೀಲೇಬೇಕು.

ಎಲ್ಲಿ ಹೊಯ್ದಿದೆ ಅಂತ ಸರಿಯಾಗಿ ಹುಡುಕು. ನನ್ನ ಮಗನ ಬ್ಯಾಗಿಗೆ ಹೀಗೇ ಆದಾಗ ನಾನು ಬಟ್ಟೆ ಭಾಗಾನೇ ಮೂರು ಸಲ ತೊಳ್ದೆ, ಆಮೇಲೆ ಸೊಂಟದ ಪಟ್ಟೀನ ಹೆಬ್ಬೆಟ್ಟಲ್ಲಿ ಒತ್ತಿದ್ರೆ ಒಳಗಿನ ಸ್ಪಂಜಿಂದ ಹಳದಿ ನೀರು ಗುಳುಗುಳು ಅಂತ ಹೊಲಿಗೆ ಸಂದೀಲಿ ಉಕ್ಕಿ ಬಂತು. ಅಷ್ಟು ದಿನ ಅದು ಅಲ್ಲೇ ಕೂತಿತ್ತು! ಹೆಗಲ ಪಟ್ಟಿ, ಸೊಂಟದ ಪಟ್ಟಿ, ಬೆನ್ನಿನ ಪ್ಯಾಡು, ಈ ಮೂರನ್ನ ಒಂದೊಂದಾಗಿ ಮೂಗಿಗೆ ಹಿಡಿದು ನೋಡು. ನೋಟು ಚೆಕ್ ಮಾಡೋ ಯುವಿ ಟಾರ್ಚ್ ಸಿಕ್ರೆ ರಾತ್ರಿ ಲೈಟ್ ಆರಿಸಿ ಬಿಡು, ಉಚ್ಚೆ ಬಿದ್ದ ಜಾಗ ಹಳದಿ ಹಸಿರಾಗಿ ಹೊಳಿಯತ್ತೆ. ಸೋಪಿನ ಪುಡಿ ಉಳಿದಿದ್ರೆ ಅದೂ ನೀಲಿಯಾಗಿ ಹೊಳಿಯತ್ತೆ, ಗೊಂದಲ ಮಾಡ್ಕೋಬೇಡ.

ಬ್ಯಾಗಿನ ಒಳಗಿನ ಅಲ್ಯೂಮಿನಿಯಂ ಪಟ್ಟಿ, ತೆಗೆಯೋಕೆ ಬರೋ ಪ್ಯಾಡು ಎಲ್ಲ ತೆಗೆದಿಟ್ಟು, ದೊಡ್ಡ ಟಬ್ಬಲ್ಲಿ ತಣ್ಣೀರು ತುಂಬಿ ಅದ್ದು, ಸ್ಪಂಜಿರೋ ಜಾಗಾನ ಒತ್ತಿ ಒತ್ತಿ ಬಿಡು, ನೀರು ತಿಳಿಯಾಗೋ ತನಕ ಬದಲಾಯಿಸ್ತಾ ಇರು. ನೀನು ಹಾಕಿದ ಸೋಪು ಡೆಟಾಲ್ ಎಲ್ಲ ಇಲ್ಲೇ ಹೋಗ್ಬೇಕು, ಯಾಕಂದ್ರೆ ಮುಂದೆ ಹಾಕೋ ಎಂಜೈಮನ್ನ, ಅಂದ್ರೆ ಉಚ್ಚೆಯ ಅಂಶಾನ ಒಡೆದು ಹಾಕೋ ವಸ್ತುನ, ಅವು ಕೆಡಿಸ್ತಾವೆ. ಇನ್ನೊಂದು ಮಾತು, ಡೆಟಾಲ್ ಫಿನಾಯಿಲ್ ಥರದ್ದನ್ನ ಬೆಕ್ಕಿರೋ ಮನೇಲಿ ಇನ್ಮುಂದೆ ಹಾಕ್ಲೇಬೇಡ, ಬೆಕ್ಕಿನ ಲಿವರಿಗೆ ಅದನ್ನ ಅರಗಿಸ್ಕೊಳ್ಳೋ ಶಕ್ತಿ ಇಲ್ಲ, ಕಾಲಿಗೆ ತಾಗಿದ್ದನ್ನ ನೆಕ್ಕಿದ್ರೂ ವಿಷ.

ಆಮೇಲೆ ಪೆಟ್ ಶಾಪಲ್ಲಿ ಅಥವಾ ಆನ್‌ಲೈನಲ್ಲಿ ಸಿಗೋ ಎಂಜೈಮ್ ಕ್ಲೀನರ್ ತಗೋ. ಎಲ್ರೂ ಎಡವೋದು ಇಲ್ಲೇ, ಸ್ಪ್ರೇ ಮಾಡಿ ಹತ್ತು ನಿಮಿಷಕ್ಕೆ ಒರೆಸಿಬಿಡ್ತಾರೆ. ಉಚ್ಚೆ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟೇ ಆಳಕ್ಕೆ ಇದೂ ಇಳೀಬೇಕು, ಅಂದ್ರೆ ತೊಟ್ಟಿಕ್ಕೋ ಹಾಗೆ ಸುರಿದು ಕೈಯಲ್ಲಿ ಹಿಸುಕಿ ಒಳಗೆ ಕಳಿಸ್ಬೇಕು, ಆಮೇಲೆ ಪ್ಲಾಸ್ಟಿಕ್ ಸುತ್ತಿ ಒಂದು ರಾತ್ರಿ ಒಂದು ಹಗಲು ಹಾಗೇ ಬಿಡ್ಬೇಕು. ಒಣಗಿದ್ರೆ ಎಂಜೈಮ್ ಕೆಲಸ ನಿಂತ್ಹೋಗತ್ತೆ. ತಿಂಗಳುಗಟ್ಲೆ ಹಳೇದಾದ್ರಿಂದ ಎರಡು ಸಲ ಮಾಡ್ಬೇಕಾಗ್ಬಹುದು.

ನಿಂಬೆ ಕಿತ್ತಳೆ ಸಿಪ್ಪೆ ಬೆಲ್ಲ ಹಾಕಿ ಮೂರು ತಿಂಗಳು ಕೊಳೆಸೋ ಬಯೋ ಎಂಜೈಮ್ ಮನೇಲಿದೆ, ಅದಾಗತ್ತಾ ಅಂತ ತುಂಬಾ ಜನ ಕೇಳ್ತಾರೆ. ನೆಲ ಒರೆಸೋಕೆ ಚೆನ್ನಾಗಿದೆ, ಇದಕ್ಕೆ ನಾನು ಅದನ್ನ ನೆಚ್ಚಲ್ಲ. ಅದು ಹೆಚ್ಚುಕಮ್ಮಿ ವಿನೆಗರ್ ಥರ ಹುಳಿ ನೀರು, ಅಮೋನಿಯಾ ತಗ್ಗಿಸತ್ತೆ, ಆ ಗಂಧಕದ ಘಾಟು ತೆಗಿಯಲ್ಲ, ಮೇಲಾಗಿ ಬಟ್ಟೆಗೆ ಕಂದು ಕಲೆ.

ಅಷ್ಟಾದ್ರೂ ಚೂರು ಉಳಿದ್ರೆ ಇನ್ನೊಂದಿದೆ. ಅಮೆರಿಕದಲ್ಲಿ ಸ್ಕಂಕ್ ಅನ್ನೋ ಪ್ರಾಣಿ ನಾಯಿಗಳ ಮೇಲೆ ಹಾರಿಸೋ ದುರ್ವಾಸನೆಗೆ ಪಾಲ್ ಕ್ರೆಬಾಮ್ ಅನ್ನೋ ಕೆಮಿಸ್ಟ್ ಹೇಳಿದ ಮದ್ದು, 1993ರಲ್ಲಿ ಪ್ರಕಟವಾಗಿದ್ದು, ಅದೂ ಗಂಧಕದ ವಾಸ್ನೆಯೇ ಆದ್ರಿಂದ ಇಲ್ಲೂ ನಡಿಯತ್ತೆ. 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಒಂದು ಲೀಟರ್, ಅಡುಗೆ ಸೋಡಾ ಕಾಲು ಕಪ್, ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಚಮಚ. ಮೆಡಿಕಲ್ ಶಾಪಿನ ಬಾಟಲಲ್ಲಿ 6 ಪರ್ಸೆಂಟ್ ಅಂತಿದ್ರೆ ಅಷ್ಟೇ ನೀರು ಸೇರಿಸು. ಬಣ್ಣ ಹೋಗ್ಬಹುದು, ಮೊದ್ಲು ಕಾಣದ ಮೂಲೇಲಿ ಹಚ್ಚಿ ನೋಡು, ಹತ್ತು ನಿಮಿಷ ಬಿಟ್ಟು ತೊಳಿ. ಕಲಸಿದ್ದನ್ನ ಬಾಟಲಿಗೆ ತುಂಬಿ ಮುಚ್ಚಳ ಹಾಕಿಡ್ಬೇಡ, ಗ್ಯಾಸ್ ತುಂಬಿ ಸಿಡಿಯತ್ತೆ. ಬ್ಲೀಚಿಂಗ್ ಪೌಡರ್ ಮಾತ್ರ ಯಾವ ಕಾರಣಕ್ಕೂ ಬೇಡ, ಅಮೋನಿಯಾ ಜೊತೆ ಸೇರಿದ್ರೆ ಉಸಿರು ಕಟ್ಟೋ ವಿಷಗಾಳಿ ಬರತ್ತೆ.

ಮಳೆಗಾಲ ಅಂತ ಬಚ್ಚಲ ಒಲೆ ಮೇಲಿನ ಗಳುವಿಗೆ ನೇತಾಕ್ಬೇಡ, ಆ ಶಾಖಕ್ಕೆ ಬ್ಯಾಗಿನ ಒಳಗಿನ ನೀರು ತಡೆಯೋ ಲೇಪ ಹಾಳಾಗತ್ತೆ. ಫ್ಯಾನ್ ಕೆಳಗೆ, ಎಲ್ಲ ಜಿಪ್ ತೆಗೆದು, ತಲೆಕೆಳಗೆ ಮಾಡಿ ಒಣಗಿಸು, ಮೂರ್ನಾಲ್ಕು ದಿನ ಆದ್ರೂ ಆಗ್ಲಿ. ಒಣಗಿದ್ಮೇಲೆ ಆ ಜಾಗಕ್ಕೆ ಚೂರು ನೀರು ಚಿಮುಕಿಸಿ, ಪ್ಲಾಸ್ಟಿಕ್ ಕವರಲ್ಲಿ ರಾತ್ರಿ ಕಟ್ಟಿಟ್ಟು ಬೆಳಿಗ್ಗೆ ಬಿಚ್ಚಿ ಮೂಸು. ಆಗ ಬರ್ಲಿಲ್ಲ ಅಂದ್ರೆ ಬೆಟ್ಟದ ಮೇಲೂ ಬರಲ್ಲ.

ಇನ್ನು ಬೆಕ್ಕು. ನಿಂತು ಬಾಲ ಎತ್ತಿ ಪಿಚಕಾರಿ ಥರ ಹೊಡೆದಿದ್ರೆ ಅದು ಇದು ನನ್ನ ಜಾಗ ಅಂತ ಗುರುತು ಹಾಕ್ತಿದೆ, ಬೀಜ ತೆಗೆಸಿದ್ರೆ ಬಹುಪಾಲು ಬೆಕ್ಕುಗಳು ಬಿಡ್ತಾವೆ, ಪಶು ಆಸ್ಪತ್ರೇಲಿ ವಿಚಾರಿಸು. ಕೂತು ಕೂತು ಮುಕ್ಕಿ ಹನಿ ಹನಿ ಹೊಯ್ತಿದ್ರೆ ಅದು ಕಾಯಿಲೆ, ಗಂಡು ಬೆಕ್ಕಿಗೆ ಮೂತ್ರ ಕಟ್ಟಿದ್ರೆ ಎರಡು ಮೂರು ದಿನದಲ್ಲಿ ಜೀವ ಹೋಗತ್ತೆ, ಅವತ್ತೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗು. ಅಮ್ಮಂಗೂ ಇದನ್ನ ಹೇಳು, ಹಟಕ್ಕೆ ಮಾಡಿದ್ದಲ್ಲ ಅಂತ ಗೊತ್ತಾದ್ರೆ ಅವ್ರ ಸಿಟ್ಟೂ ಇಳಿಯತ್ತೆ.

ಪ್ರಶ್ನೆ: ಮೇಡಂ, ನಮ್ಮನೇಲಿ ಬೆಕ್ಕೂ ಇಲ್ಲ ನಾಯಿಯೂ ಇಲ್ಲ. ಆದ್ರೂ ಹತ್ತು ವರ್ಷ ಹಳೇ ಟೆಂಟ್ ಬಿಚ್ಚಿದ್ರೆ ಉಚ್ಚೆ ವಾಸ್ನೆ ಹೊಡೆಯತ್ತೆ, ಒಳಗಡೆ ಅಂಟಂಟು. ಎಷ್ಟು ತೊಳೆದ್ರೂ ಹೋಗ್ತಿಲ್ಲ. — ಬೆಂಗಳೂರು

ಉತ್ತರ: ಇದು ಯಾವ ಪ್ರಾಣಿದೂ ಅಲ್ಲ. ಟೆಂಟಿನ ಬಟ್ಟೆ ಒಳಗೆ ನೀರು ಸೋರದ ಹಾಗೆ ಪಾಲಿಯುರಿಥೇನ್ ಬಳಿದಿರ್ತಾರೆ, ವರ್ಷಗಟ್ಲೆ ಥಂಡಿ ತಾಗಿ ಅದೇ ಒಡೆದು ಅಂಟಾಗಿದೆ, ಕೆಲವರಿಗೆ ಅದು ಹುಳಿ ವಾಂತಿ ಥರ, ಕೆಲವರಿಗೆ ಉಚ್ಚೆ ಥರ ಅನ್ನಿಸತ್ತೆ. ಎಂಜೈಮ್ ಕ್ಲೀನರಿಗೆ ದುಡ್ಡು ಹಾಕ್ಬೇಡಿ. ಅಂಟು ಒಂದೆರಡು ಕಡೆ ಮಾತ್ರ ಇದ್ರೆ ಆ ಲೇಪ ಉಜ್ಜಿ ತೆಗೆದು ಹೊಸದಾಗಿ ಸೀಲರ್ ಹಚ್ಬಹುದು, ಎಲ್ಲ ಕಡೆ ಇದ್ರೆ ಮಳೇಲಿ ಅದನ್ನ ನಂಬಿ ಮಲಗ್ಬೇಡಿ. ಕಂಬಿ, ಗೂಟ, ಹಗ್ಗ ಇಟ್ಕೊಳಿ, ಮುಂದಿನ ಟೆಂಟಿಗೆ ಬರ್ತಾವೆ. ಹೊಸದನ್ನ ಒದ್ದೆ ಇದ್ದಾಗ ಮಡಚಿಡ್ಬೇಡಿ, ಬಿಗಿ ಚೀಲದ ಬದಲು ಹಳೇ ದಿಂಬಿನ ಕವರಲ್ಲಿ ಸಡಿಲವಾಗಿ ತುಂಬಿ, ಗಾಳಿ ಆಡೋ ಕಡೆ ಇಡಿ.