ಜನ ಹೇಳುವ ಉದ್ದೇಶವನ್ನು ಸಮಾಜಶಾಸ್ತ್ರ ನಂಬಬೇಕಾ?

ಯಾರೋ ಒಬ್ಬರು ಹೀಗೆ ಯಾಕೆ ಮಾಡಿದರು ಎಂದು ವಿವರಿಸುವಾಗ ಅವರ ಉದ್ದೇಶವನ್ನೂ ಲೆಕ್ಕಕ್ಕೆ ತಗೊಳ್ಳಬೇಕಾ, ಅದು ಮನಶ್ಶಾಸ್ತ್ರದವರ ಕೆಲಸ ಅಲ್ವಾ ಎಂದು ಕೇಳಿದ್ದೀರಿ. ತಗೊಳ್ಳಲೇಬೇಕು. ಆದರೆ ಅದನ್ನು ತಲೆಯೊಳಗೆ ಹುಡುಕಲು ಹೋಗಬಾರದು.

ನಾನು ಕಾಸರಗೋಡಿನ ಬದಿಯಡ್ಕದ ಕಡೆಯವನು. ನಮ್ಮಲ್ಲಿ ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸಿ ಇಂಗ್ಲಿಷ್ ಮೀಡಿಯಂಗೆ ಹಾಕುವುದು ಹೊಸತೇನಲ್ಲ. ಪರಿಚಯದವರೊಬ್ಬರು ಹಾಗೇ ಮಾಡಿದರು. ಮಾಷ್ಟ್ರು ಕೇಳಿದಾಗ, "ವ್ಯಾನು ಗೇಟಿನವರೆಗೆ ಬರ್ತದೆ ಮಾಷ್ಟ್ರೇ, ಮಳೆಗಾಲದಲ್ಲಿ ಗುಡ್ಡೆ ಹತ್ತಿಸಿ ಕಳಿಸುವುದು ಕಷ್ಟ" ಎಂದರು. ಮನೆಯಲ್ಲಿ ಅಜ್ಜನಿಗೆ, "ಅಡಿಕೆ ನಂಬಿ ಕೂತರೆ ಆಗ್ತದಾ? ನಾಳೆ ಕೆಲಸ ಬೇಡವಾ?" ಭಾವನ ಹತ್ತಿರ, "ಆಚೆ ಮನೆಯವರೆಲ್ಲ ಹಾಕಿದ್ದಾರೆ ಮಾರಾಯಾ." ಇದರಲ್ಲಿ ನಿಜ ಯಾವುದು? ಮೂರೂ ಸುಳ್ಳಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1940ರ ಒಂದು ಲೇಖನದಲ್ಲಿ ಹಿಡಿದದ್ದು ಇದನ್ನೇ. "ಯಾಕೆ?" ಎಂದು ಕೇಳಿದವರಿಗೆ, ಆ ಜಾಗದಲ್ಲಿ ಒಪ್ಪಿಗೆಯಾಗುವ ಉತ್ತರವೇ ಉದ್ದೇಶ. ಯಾವ ಉತ್ತರ ಎಲ್ಲಿ ನಡೆಯುತ್ತದೆ ಎಂದು ಊರೇ ಕಲಿಸಿರುತ್ತದೆ. ಮಾಷ್ಟ್ರ ಮುಖ ನೋಡಿಕೊಂಡು "ಕನ್ನಡ ಕಲಿತು ಏನು ಸಿಗ್ತದೆ?" ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ನನಗೆ ಕೇಳಿದರೆ, ಆ ಸಂಕೋಚದಲ್ಲೇ ಸಮಾಜಶಾಸ್ತ್ರಕ್ಕೆ ಬೇಕಾದದ್ದು ಜಾಸ್ತಿ ಇದೆ.

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಕೊಟ್ಟ ಉದಾಹರಣೆ ಕಟ್ಟಿಗೆ ಕಡಿಯುವವನದ್ದು. ಕೂಲಿಗೋ, ಸ್ವಂತ ಒಲೆಗೋ, ಸಿಟ್ಟು ತೀರಿಸಲೋ? ಅದು ತಿಳಿಯದೆ ವಿವರಣೆ ಅರ್ಧವೇ. ಆದರೆ ಮಾಡುವವನಿಗೇ ತನ್ನ ಉದ್ದೇಶ ಪೂರ್ತಿ ಗೊತ್ತಿರುವುದಿಲ್ಲ ಎಂದೂ ಅವರೇ ಎಚ್ಚರಿಸಿದ್ದರು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕೈಮ್ ಇನ್ನೂ ಖಡಕ್. ಆತ್ಮಹತ್ಯೆ ಕುರಿತ 1897ರ ಪುಸ್ತಕದಲ್ಲಿ ಸರಕಾರಿ ದಾಖಲೆಯ 'ಕಾರಣ'ಗಳನ್ನು ಬದಿಗಿಟ್ಟರು. ಅವು ಬರೆದುಕೊಂಡ ಅಧಿಕಾರಿಗಳ ಅಭಿಪ್ರಾಯ, ಅಷ್ಟೇ ಎಂದರು.

ಹಾಗಂತ ಹೇಳಿದ ಕಾರಣ ಬರೀ ನೆಪ ಎನ್ನಲೂ ಆಗದು. ಮರುವರ್ಷ ಕನ್ನಡ ಶಾಲೆಯವರು ಜೀಪು ಮಾಡಿದರು. ಗುಡ್ಡೆಯ ಕಾರಣ ಕೊಟ್ಟಿದ್ದ ಇನ್ನೊಂದು ಮನೆಯವರು, ಆಡಿದ ಮಾತಿಗೆ ಕಟ್ಟುಬಿದ್ದು ಮಗಳನ್ನು ವಾಪಸ್ ಕಳಿಸಿದರು. ನಮ್ಮ ಪರಿಚಯದವರು ಕಳಿಸಲಿಲ್ಲ. ಈಗ ಪೇಟೆಯಲ್ಲಿ ಮಾಷ್ಟ್ರು ಕಂಡರೆ ರಸ್ತೆ ದಾಟುತ್ತಾರೆ.

ನೀವು ಸಂದರ್ಶನ ಮಾಡುವವರಾದರೆ ಉತ್ತರದ ಪಕ್ಕದಲ್ಲೇ ಇದನ್ನೂ ಬರೆದಿಡಿ: ಕೇಳಿದ್ದು ಯಾರು, ಆಗ ಜಗಲಿಯಲ್ಲಿ ಮತ್ತೆ ಯಾರು ಕೂತಿದ್ದರು.