ಅಜ್ಜಿಯ ಪ್ಯಾರಾದಿಂದ ಶುರು ಮಾಡಿ

ಸಕಲೇಶಪುರದ ಗೆಳೆಯರಿಗೆ,

ನಮಸ್ಕಾರ. ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಕಿರುತೆರೆಯ ಅವನತಿ’ ಲೇಖನ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ಬೈಗುಳ. ಅತ್ತೆ-ಸೊಸೆ ಜಗಳ, ಅಡುಗೆಮನೆಯಲ್ಲೂ ರೇಷ್ಮೆ ಸೀರೆ, ವಿಷ ಬೆರೆಸಿದ ಪಾಯಸ. ಎಲ್ಲಾ ನಿಜವೇ. ಆದರೆ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಅಲ್ವಾ?

ನೀವೇ ಹೇಳಬೇಕಾದದ್ದು ಮೂರನೇ ಪುಟದಲ್ಲಿದೆ. ನಿಮ್ಮಜ್ಜಿ ಹಾಸನಾಂಬೆ ದರ್ಶನಕ್ಕೆಂದು ಹಾಸನದ ಮಗಳ ಮನೆಗೆ ಬಂದು ಒಂದು ವಾರ ಉಳಿಯುತ್ತಾರೆ. ಮೊಮ್ಮಕ್ಕಳು ರಿಮೋಟ್ ಬಿಡುವುದಿಲ್ಲ, ಸೀರಿಯಲ್ ತಪ್ಪಿಹೋಗುತ್ತದೆ. ಊರಿಗೆ ವಾಪಸ್ ಹೋಗಿ ಟಿವಿ ಹಾಕಿದರೆ ಅದೇ ಮಂಟಪ, ಅದೇ ಮದುವೆ, ತಾಳಿ ಇನ್ನೂ ಹುಡುಗನ ಕೈಯಲ್ಲೇ ಇದೆ. ‘ಅಯ್ಯೋ, ಇವರಿಗೆ ಮುಹೂರ್ತ ಮೀರೋದೇ ಇಲ್ವೇನೋ’ ಅನ್ನುತ್ತಾರೆ ಅಜ್ಜಿ. ನಿಮ್ಮ ವಾದವೆಲ್ಲ ಈ ಒಂದು ಮಾತಿನಲ್ಲಿದೆ. ನೀವೋ ಅದನ್ನು ನಾಲ್ಕು ಸಾಲಿಗೆ ಮುಗಿಸಿ ಮತ್ತೆ ಬೈಯಲು ಹೊರಟಿದ್ದೀರಿ. ಇಲ್ಲಿಂದಲೇ ಶುರು ಮಾಡಿ. ಆ ಸಂಜೆ ಪಕ್ಕದಲ್ಲಿ ಯಾರ್ಯಾರು ಕೂತಿದ್ದರು? ಅಷ್ಟು ಅಂದ ಮೇಲೂ ಅಜ್ಜಿ ಮರುದಿನ ನೋಡಿದರಾ? ಯಾಕೆ ನೋಡಿದರು? ಕೇಳಿ ಬರೆಯಿರಿ.

ಇಂಥ ಅಜ್ಜಿಯನ್ನು ಮನೆಯಲ್ಲಿಟ್ಟುಕೊಂಡು ‘ಸೀರಿಯಲ್ ನೋಡುವ ಹೆಂಗಸರಿಗೆ ವಿವೇಚನೆ ಇಲ್ಲ’ ಎಂದು ಹೇಗೆ ಬರೆದಿರಿ? ಓದಿ ಸಿಟ್ಟು ಬಂತು. ಆ ಸಾಲು ಹೊಡೆದುಹಾಕಿದ್ದೇನೆ. ದಿನವಿಡೀ ದುಡಿದು ರಾತ್ರಿ ಅರ್ಧ ಗಂಟೆ ಕೂರುವವರಿಗೆ ಒಳ್ಳೆಯ ಕಥೆ ಸಿಗಬೇಕು. ಸಿಗದಿದ್ದರೆ ಅದು ನೋಡುವವರ ತಪ್ಪಲ್ಲ.

‘ಮಾಲ್ಗುಡಿ ಡೇಸ್’ ಚಿಕ್ಕಮಗಳೂರು ಜಿಲ್ಲೆಯಲ್ಲಿ ತೆಗೆದ ಕನ್ನಡ ಧಾರಾವಾಹಿ ಎಂದಿದ್ದೀರಿ. ಎರಡೂ ತಪ್ಪು. ಶಂಕರ್ ನಾಗ್ ಅದನ್ನು 1980ರ ದಶಕದಲ್ಲಿ ದೂರದರ್ಶನಕ್ಕಾಗಿ ಹಿಂದಿ, ಇಂಗ್ಲಿಷಿನಲ್ಲಿ ಮಾಡಿದರು. ಚಿತ್ರೀಕರಣ ನಡೆದ ಆಗುಂಬೆ ಶೃಂಗೇರಿಗೆ ಹತ್ತಿರವಿದ್ದರೂ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನದು. ಇಂಥ ತಪ್ಪು ಕಂಡರೆ ಓದುಗರು ಉಳಿದ ಮಾತನ್ನೂ ನಂಬುವುದಿಲ್ಲ.

ದಿನಾ ಪ್ರಸಾರ ಮಾಡುವುದೇ ಎಲ್ಲಕ್ಕೂ ಕಾರಣ ಅನ್ನುವುದನ್ನೂ ಒಪ್ಪಲಾರೆ. ಟಿ.ಎನ್. ಸೀತಾರಾಂ ಅವರ ‘ಮುಕ್ತ’ ಧಾರಾವಾಹಿ ಕೂಡ ದಿನಾ ಬರುತ್ತಿತ್ತು. ಅದರಲ್ಲಿ ಬರುವ ಸಿಎಸ್‌ಪಿ ಎಂಬ ವಕೀಲರ ಪಾಟೀಸವಾಲು ನೋಡಲು ಜನ ಊಟ ಮುಂದಕ್ಕೆ ಹಾಕಿ ಕಾಯುತ್ತಿದ್ದರು. ಬರೀ ಮಾತು, ಆದರೂ ಕಥೆ ಮುಂದೆ ಹೋಗುತ್ತಿತ್ತು. ಈಗ ಗುರುವಾರ ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರು ಅನ್ನುವ ಅಂಕ ಬರುತ್ತದೆ, ಅದನ್ನು ನೋಡಿಕೊಂಡು ಕಥೆ ತಿರುಗುತ್ತದೆ. ಅಂಕ ಬರುವಷ್ಟು ದಿನ ಎಳೆಯಬೇಕು ಅಂದರೆ ಬರೆಯುವವರು ಕೊನೆಯನ್ನು ಯೋಚಿಸುವುದು ಹೇಗೆ? ಅಜ್ಜಿ ಕಂಡ ತಾಳಿ ನಿಂತದ್ದು ಇಲ್ಲೇ. ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ.

ಒಂದು ಕೆಲಸ ಮಾಡಿ. ಅಜ್ಜಿ ಜೊತೆ ಒಂದು ಕಂತು ಪೂರ್ತಿ ನೋಡಿ, ಕೈಯಲ್ಲಿ ಪೆನ್ನಿರಲಿ. ಹಿಂದಿನ ದಿನದ ತುಣುಕು ಎಷ್ಟು ಹೊತ್ತು, ಜಾಹೀರಾತು ಎಷ್ಟು, ಒಬ್ಬೊಬ್ಬರ ಮುಖವನ್ನೂ ಮೂರು ಮೂರು ಸಲ ತೋರಿಸಿದ್ದು ಎಷ್ಟು ಹೊತ್ತು, ಕಥೆ ನಡೆದದ್ದು ಎಷ್ಟು ನಿಮಿಷ, ಎಲ್ಲಾ ಬರೆದುಕೊಳ್ಳಿ. ಆ ಲೆಕ್ಕ ಅಜ್ಜಿಯ ಮಾತಿನ ಪಕ್ಕ ಬರಲಿ. ‘ಸಾಂಸ್ಕೃತಿಕ ಅಧಃಪತನ’ದಂಥ ದೊಡ್ಡ ಪದಗಳನ್ನೆಲ್ಲ ತೆಗೆದುಬಿಡಿ.

ನಾಲ್ಕು ಪುಟ ಸಾಕು. ಬೇರೆಲ್ಲೂ ಕೊಡಬೇಡಿ, ನಮಗೇ ಕಳಿಸಿ.

ಸಂಪಾದಕ
ಹಾಸನ